ಸಹ ಕಲಾವಿದರನ್ನು ನಾಲ್ಕು ಜನರ ಮುಂದೆ ಟೀಕಿಸುವ ಮುನ್ನ: ಇಂಪ್ರೊವ್ ಬಳಗಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಪ್ರೊವ್, ಅಂದರೆ ಸ್ಕ್ರಿಪ್ಟ್ ಇಲ್ಲದೆ ಹಾಸ್ಯ ಆಡುವ ಸಣ್ಣ ಬಳಗಗಳಲ್ಲಿ ಮನಸ್ತಾಪ ಹುಟ್ಟುವುದು ವೇದಿಕೆಯ ಮೇಲೆ ಕಡಿಮೆ. ಶೋ ಮುಗಿದ ಮೇಲೆ ಬಾಗಿಲ ಬಳಿ ಆಡಿದ ಮಾತು, ಗುಂಪಿಗೆ ಹಾಕಿದ ಮೆಸೇಜು, ತರಗತಿಯಲ್ಲಿ ಹೆಸರು ಹಿಡಿದು ಕೊಟ್ಟ ಉದಾಹರಣೆ ಇವುಗಳಿಂದಲೇ ಹೆಚ್ಚು. ಆಡುವವರು, ಕೋಚ್‌ಗಳು, ಶೋ ನಡೆಸುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಯಾವುದನ್ನು ಬಹಿರಂಗ ಟೀಕೆ ಅನ್ನಬೇಕು?

ಯಾರ ಆಟದ ಬಗ್ಗೆ ಮಾತೋ ಅವರು ಅಭಿಪ್ರಾಯ ಕೇಳಿಲ್ಲ, ಕೇಳಿಸಿಕೊಳ್ಳುವವರು ಅದನ್ನು ಸರಿಪಡಿಸುವ ಸ್ಥಾನದಲ್ಲಿಲ್ಲ. ಈ ಎರಡೂ ಸೇರಿದರೆ ಅದು ಬಹಿರಂಗ ಟೀಕೆ. ಜಾಲತಾಣದಲ್ಲಿ ಬರೆದದ್ದು ಮಾತ್ರ ಬಹಿರಂಗ ಅಂದುಕೊಳ್ಳಬೇಡಿ. ಅರವತ್ತು ಜನರಿರುವ ವಾಟ್ಸ್‌ಆ್ಯಪ್ ಗುಂಪೂ ಬಹಿರಂಗವೇ, ಪ್ರೇಕ್ಷಕರು ಇನ್ನೂ ಹೊರಗೆ ಹೋಗುತ್ತಿರುವಾಗ ಬಾಗಿಲಲ್ಲಿ ನಿಂತು ಆಡಿದ ಮಾತೂ ಬಹಿರಂಗವೇ. ಹೆಸರು ಹೇಳದೆ "ಕೆಲವರು ಪ್ರತಿ ಸೀನಿಗೂ ನುಗ್ಗುತ್ತಾರೆ" ಅಂದರೂ ಅಷ್ಟೇ. ಸಣ್ಣ ಬಳಗದಲ್ಲಿ ಆ "ಕೆಲವರು" ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ, ಮೇಲಾಗಿ ಸಂಬಂಧವಿಲ್ಲದ ಇನ್ನೂ ಮೂವರು ಅದು ತಮಗೇ ಹೇಳಿದ್ದು ಅಂತ ತಿಳಿದು ಮುದುಡುತ್ತಾರೆ. ಹಾಗಾಗಿ ಹೆಸರಿಲ್ಲದ ಕುಟುಕು ಹೆಸರಿಟ್ಟ ಟೀಕೆಗಿಂತ ಹೆಚ್ಚು ಹಾನಿ ಮಾಡುತ್ತದೆ.

ನಾಟಕ, ಸಂಗೀತ, ಸಿನಿಮಾ ಎಲ್ಲದಕ್ಕೂ ವಿಮರ್ಶೆ ಇದೆ. ಇಂಪ್ರೊವ್‌ಗೆ ಮಾತ್ರ ಯಾಕೆ ಇಷ್ಟು ಎಚ್ಚರಿಕೆ?

ಇಲ್ಲಿ ಕಲಾವಿದರ ಕೈಯಲ್ಲಿ ಬೇರೇನೂ ಇಲ್ಲ, ಜೊತೆಗಾರರ ಮೇಲಿನ ಭರವಸೆ ಮಾತ್ರ ಇದೆ. ನಾಟಕದಲ್ಲಿ ಸಂಭಾಷಣೆ ಮರೆತರೆ ಸ್ಕ್ರಿಪ್ಟ್ ಕಾಪಾಡುತ್ತದೆ. ಇಲ್ಲಿ ಒಬ್ಬರು ಬಾಯಿಗೆ ಬಂದ ಮೊದಲ ಸಾಲು ಹೇಳುತ್ತಾರೆ, ಇನ್ನೊಬ್ಬರು ಅದನ್ನು ಒಪ್ಪಿ ಮುಂದಕ್ಕೆ ಒಯ್ಯುತ್ತಾರೆ. ಆ ಮೊದಲ ಸಾಲು ಹೇಳಲು ಧೈರ್ಯ ಬೇಕು. ನಾಳೆ ಇದನ್ನೇ ಯಾರೋ ಎತ್ತಿ ಆಡುತ್ತಾರೆ ಅನ್ನುವ ಭಯ ಹೊಕ್ಕರೆ ಆಟ ಕೆಡುವುದು ಕಣ್ಣಿಗೇ ಕಾಣುತ್ತದೆ. ಆಡುವವರು ಹೇಳಿಕೆ ಕೊಡುವ ಬದಲು "ನೀವು ಯಾರು?", "ಏನು ಮಾಡ್ತಾ ಇದ್ದೀರಿ?" ಅಂತ ಪ್ರಶ್ನೆ ಕೇಳಿ ಹೊರೆಯನ್ನು ಎದುರಿನವರ ಮೇಲೆ ಹಾಕುತ್ತಾರೆ. ಸೀನಿಗೆ ಬರದೆ ವೇದಿಕೆಯ ಹಿಂಬದಿಯಲ್ಲೇ ನಿಂತುಬಿಡುತ್ತಾರೆ. ಸೀನ್ ಮುಗಿಯಿತೆಂದು ತೋರಿಸಲು ಯಾರೂ ಅದರ ಮುಂದೆ ಅಡ್ಡ ಓಡುವುದಿಲ್ಲ, ಎರಡು ನಿಮಿಷದ ಸೀನ್ ಐದು ನಿಮಿಷ ಎಳೆಯುತ್ತದೆ. ಗೆದ್ದೇ ಗೆಲ್ಲುವ ಹಳೆಯ ಪಾತ್ರವನ್ನು ಮತ್ತೆ ಮತ್ತೆ ತರುತ್ತಾರೆ. ಇಂಪ್ರೊವ್ ಆಟಗಳನ್ನು ರೂಪಿಸಿದ ಅಮೆರಿಕದ ರಂಗ ಶಿಕ್ಷಕಿ ವಯೋಲಾ ಸ್ಪೋಲಿನ್ 1963ರಲ್ಲೇ ತಮ್ಮ ಪುಸ್ತಕದ ಆರಂಭದಲ್ಲಿ ಇದನ್ನು ಬರೆದಿದ್ದರು. ಮೆಚ್ಚುಗೆಗಾಗಿ ಕಾಯುವುದು, ತಿರಸ್ಕಾರಕ್ಕೆ ಹೆದರುವುದು ಇವೆರಡೂ ಆಡುವವರ ಸ್ವಾತಂತ್ರ್ಯವನ್ನು ಕಸಿಯುತ್ತವೆ ಎಂಬುದು ಅವರ ವಾದದ ತಿರುಳು.

ಇನ್ನೊಂದು ಕಾರಣ, ಸೀನ್ ಒಬ್ಬರ ಸೊತ್ತಲ್ಲ. ಒಬ್ಬರು "ಆಫರ್ ತಳ್ಳಿಹಾಕಿದರು", ಅಂದರೆ ಜೊತೆಗಾರರು ಸೀನಿಗೆ ತಂದ ಸಂಗತಿಯನ್ನು ಒಪ್ಪಲಿಲ್ಲ ಅಂತ ನಮಗೆ ಕಂಡದ್ದು ನಿಜವಾಗಿ ಕೇಳಿಸದೇ ಹೋದದ್ದಿರಬಹುದು, ಅಥವಾ ಎದುರಿನವರು ಅಸ್ಪಷ್ಟವಾಗಿ ಹೇಳಿದ್ದಿರಬಹುದು. ಶೋ ಆ ರಾತ್ರಿಗೇ ಮುಗಿದುಹೋಗುವುದರಿಂದ ನೋಡದವರು ಟೀಕೆಯನ್ನು ತಾಳೆ ಹಾಕಿ ನೋಡಲೂ ಆಗುವುದಿಲ್ಲ. ಉಳಿಯುವುದು ಟೀಕೆ ಮಾತ್ರ.

ಇಂಪ್ರೊವ್‌ನಲ್ಲೇ ಬಹಿರಂಗವಾಗಿ ಅಂಕ ಕೊಡುವ ಆಟಗಳಿವೆಯಲ್ಲ? ಅದು ಟೀಕೆಯಲ್ಲವೇ?

ಇವೆ. ಇಂಪ್ರೊವ್ ಶಿಕ್ಷಕ ಕೀತ್ ಜಾನ್‌ಸ್ಟನ್ 1977ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ರೂಪಿಸಿದ ಥಿಯೇಟರ್‌ಸ್ಪೋರ್ಟ್ಸ್‌ನಲ್ಲಿ ಎರಡು ತಂಡಗಳು ಸ್ಪರ್ಧಿಸುತ್ತವೆ, ತೀರ್ಪುಗಾರರು 1ರಿಂದ 5ರವರೆಗೆ ಅಂಕದ ಕಾರ್ಡ್ ಎತ್ತುತ್ತಾರೆ. ಸೀನ್ ಬೇಸರ ಹುಟ್ಟಿಸಿದರೆ ಹಾರ್ನ್ ಊದಿ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೂ ಅಲ್ಲಿ ಯಾರ ಮುಖವೂ ಬಾಡುವುದಿಲ್ಲ. ಯಾಕೆ ಅನ್ನುವುದನ್ನು ಗಮನಿಸಬೇಕು. ಎಲ್ಲರೂ ಮೊದಲೇ ಒಪ್ಪಿ ವೇದಿಕೆ ಹತ್ತಿದ್ದಾರೆ. ಅಂಕ ಬೀಳುವುದು ಸೀನಿಗೆ, ವ್ಯಕ್ತಿಗಲ್ಲ. ಪ್ರೇಕ್ಷಕರು ತೀರ್ಪುಗಾರರನ್ನೇ ಕೂಗಿ ಗೇಲಿ ಮಾಡುತ್ತಾರೆ, ಅಂದರೆ ತೀರ್ಪು ಕೊಡುವವರಿಗೂ ಅದರ ಬಿಸಿ ತಟ್ಟುತ್ತದೆ. ಸೋತವರು ನಗುನಗುತ್ತ ಇಳಿಯುವುದು ಅಲ್ಲಿ ಕಲಿಸುವ ಕೌಶಲಗಳಲ್ಲಿ ಒಂದು. ಶೋ ಮುಗಿದ ಮೇಲೆ ಗುಂಪಿಗೆ ಹಾಕಿದ ಟೀಕೆಯಲ್ಲಿ ಈ ನಾಲ್ಕರಲ್ಲಿ ಒಂದೂ ಇರುವುದಿಲ್ಲ.

ಹಾಗಾದರೆ ತಪ್ಪನ್ನು ಹೇಳುವುದು ಎಲ್ಲಿ?

ನೋಟ್ಸ್ ಹೊತ್ತಿನಲ್ಲಿ, ಅಂದರೆ ಶೋ ಆದ ಮೇಲೆ ತಂಡದವರು ಮಾತ್ರ ಕೂತು ಆಟದ ಬಗ್ಗೆ ಸಲಹೆ ಕೇಳಿಸಿಕೊಳ್ಳುವಾಗ. ಅದು ಸರಿಯಾಗಿ ನಡೆಯುವ ತಂಡದಲ್ಲಿ ಬಹಿರಂಗ ಟೀಕೆ ತಾನಾಗಿ ಕಡಿಮೆಯಾಗುತ್ತದೆ. ಹೇಳಲು ಜಾಗ ಇಲ್ಲದ್ದು ತಾನೇ ಹೊರಗೆ ಸೋರುವುದು?

ನೋಟ್ಸ್ ಕೊಡುವವರು ಒಬ್ಬರೇ ಇರಬೇಕು, ಕೋಚ್ ಅಥವಾ ನಿರ್ದೇಶಕರು. ಅವರು ಆ ದಿನ ಆಡಿರಬಾರದು, ಆಡುತ್ತಾ ನೋಡುವುದು ಸಾಧ್ಯವಿಲ್ಲ. ಶೋ ಮುಗಿದ ಕೂಡಲೇ ಶುರುಮಾಡಬೇಡಿ. ಮೈಯಲ್ಲಿ ಇನ್ನೂ ಕಾವು ಇರುತ್ತದೆ, ಹೊಗಳಿದ್ದೂ ತೆಗಳಿದ್ದೂ ದುಪ್ಪಟ್ಟಾಗಿ ಕೇಳಿಸುತ್ತದೆ. ಬಟ್ಟೆ ಬದಲಿಸಿ, ನೀರು ಕುಡಿದು, ಬಂದ ಸ್ನೇಹಿತರನ್ನು ಕಳಿಸಿ, ಹದಿನೈದು ಇಪ್ಪತ್ತು ನಿಮಿಷದ ನಂತರ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿ. ಶೋ ತೀರಾ ಕೆಟ್ಟಿದ್ದರೆ ಆ ರಾತ್ರಿ ಬಿಟ್ಟು ಮುಂದಿನ ರಿಹರ್ಸಲ್‌ನ ಮೊದಲ ಅರ್ಧ ಗಂಟೆಗೆ ಇಟ್ಟುಕೊಳ್ಳಿ. ಅರ್ಧ ಗಂಟೆಯ ಶೋಗೆ ಇಪ್ಪತ್ತು ನಿಮಿಷದ ನೋಟ್ಸ್ ಸಾಕು. ಒಬ್ಬರಿಗೆ ಒಂದು, ಹೆಚ್ಚೆಂದರೆ ಎರಡು ನೋಟ್. ಐದು ಹೇಳಿದರೆ ಮುಂದಿನ ಶೋನಲ್ಲಿ ಒಂದೂ ನೆನಪಿರುವುದಿಲ್ಲ, ಅವರು ಆಡುವುದು ಬಿಟ್ಟು ತಮ್ಮನ್ನು ತಾವೇ ಕಾವಲು ಕಾಯುತ್ತಾರೆ.

ನೋಟ್‌ನಲ್ಲಿ ಮೂರು ಭಾಗ: ಏನಾಯಿತು, ಅದರಿಂದ ಸೀನಿಗೆ ಏನಾಯಿತು, ಮುಂದಿನ ಸಲ ಏನು ಪ್ರಯತ್ನಿಸಬಹುದು. "ನೀನು ಕೇಳಿಸಿಕೊಳ್ಳುವುದೇ ಇಲ್ಲ" ಅನ್ನುವುದು ನೋಟ್ ಅಲ್ಲ, ಸ್ವಭಾವಕ್ಕೆ ಹಚ್ಚಿದ ಚೀಟಿ. ಅದನ್ನು ಹೀಗೆ ಹೇಳಬಹುದು: "ಎರಡನೇ ಸೀನಿನಲ್ಲಿ ಅವಳು ನಿನ್ನನ್ನು ಅಣ್ಣ ಅಂತ ಕರೆದಳು, ನೀನು ಡಾಕ್ಟರಾಗಿಯೇ ಮುಂದುವರಿದೆ. ಅಲ್ಲಿಂದ ಇಬ್ಬರೂ ಬೇರೆ ಬೇರೆ ಸೀನ್ ಆಡಿದಿರಿ. ಮುಂದಿನ ಸಲ ಉತ್ತರ ಕೊಡುವ ಮೊದಲು ಆಕೆಯ ಕೊನೆಯ ಪದವನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊ." ಇದನ್ನು ಆಡುವವರು ಮರುದಿನವೇ ಅಭ್ಯಾಸ ಮಾಡಬಹುದು.

ನೋಟ್ಸ್ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಕೋಚ್ ಸೀನನ್ನೇ ಹೊಸದಾಗಿ ಬರೆಯಲು ಕೂರುತ್ತಾರೆ: "ಅಲ್ಲಿ ನೀನು ಕಳ್ಳ ಅಂತ ಹೇಳಬೇಕಿತ್ತು." ಆ ಸೀನ್ ಇನ್ನೆಂದೂ ಬರುವುದಿಲ್ಲ, ಅದಕ್ಕೆ ಒಳ್ಳೆಯ ಸಾಲು ಹುಡುಕಿ ಏನು ಫಲ? ಎರಡು, ನೋಟ್ ಪಡೆದವರು ಸಮಜಾಯಿಷಿ ಕೊಡಲು ತೊಡಗುತ್ತಾರೆ, ಮಾತು ವಾದವಾಗುತ್ತದೆ. ಕೇಳಿಸಿಕೊಂಡು "ಸರಿ" ಅನ್ನುವುದು, ಒಪ್ಪದಿದ್ದರೆ ಮರುದಿನ ಕೋಚ್‌ಗೆ ಬೇರೆಯಾಗಿ ಹೇಳುವುದು ಅಂತ ಮೊದಲೇ ಮಾತಾಡಿಕೊಂಡಿರಿ. ಮೂರು, ಕೋಚ್ ಹೇಳಿದ್ದಕ್ಕೆ ಉಳಿದವರು ದನಿಗೂಡಿಸುತ್ತಾರೆ: "ಹೌದು, ನನಗೂ ಹಾಗೇ ಅನ್ನಿಸಿತು." ಒಬ್ಬರ ನೋಟ್ ಆಗ ಆರು ಜನರ ತೀರ್ಪಾಗುತ್ತದೆ. ಇದನ್ನು ಕೋಚ್ ಅಲ್ಲೇ ತಡೆಯಬೇಕು, ಮುಲಾಜು ನೋಡಬಾರದು.

ನಮ್ಮ ತಂಡಕ್ಕೆ ಕೋಚ್ ಇಲ್ಲ.

ಬೇರೆ ತಂಡದ ಅನುಭವಿಯೊಬ್ಬರನ್ನು ತಿಂಗಳಿಗೆ ಒಂದು ಶೋ ನೋಡಲು ಕೇಳಿ, ಅವರ ಶೋಗೆ ನಿಮ್ಮಲ್ಲೊಬ್ಬರು ಹೋಗಿ ಅದೇ ಕೆಲಸ ಮಾಡಲಿ. ಅದೂ ಆಗದಿದ್ದರೆ ಪ್ರತಿಯೊಬ್ಬರೂ ತಮ್ಮ ಆಟದ ಬಗ್ಗೆ ಮಾತ್ರ ಮಾತಾಡಲಿ: ಕೈತಪ್ಪಿದ ಒಂದು ಕ್ಷಣ, ಜೊತೆಗಾರರು ತಮ್ಮನ್ನು ಕಾಪಾಡಿದ ಒಂದು ಕ್ಷಣ. ಎಂಟು ಜನರ ತಂಡಕ್ಕೆ ಇದು ಹದಿನೈದು ನಿಮಿಷದ ಕೆಲಸ. ಸಮಾನರು ಸಮಾನರಿಗೆ ನೋಟ್ ಕೊಡುವ ಪದ್ಧತಿಗೆ ಮಾತ್ರ ಕೈಹಾಕಬೇಡಿ. ಚೆನ್ನಾಗಿ ಮಾತಾಡುವವರು ಕೆಲವೇ ವಾರಗಳಲ್ಲಿ ಹೆಸರಿಲ್ಲದ ನಿರ್ದೇಶಕರಾಗಿಬಿಡುತ್ತಾರೆ.

ಒಬ್ಬರ ಆಟದಿಂದ ನನಗೇ ತೊಂದರೆಯಾಗುತ್ತಿದೆ. ಅವರಿಗೆ ನೇರವಾಗಿ ಹೇಳಬಹುದೇ?

ಹೇಳಬಹುದು, ಹೇಳಬೇಕು ಕೂಡ. ಮೊದಲು ಒಪ್ಪಿಗೆ ಕೇಳಿ: "ಶನಿವಾರದ ಶೋ ಬಗ್ಗೆ ಒಂದು ಮಾತಿದೆ, ಈಗ ಹೇಳಲಾ, ಆಮೇಲೆ ಹೇಳಲಾ?" ಬೇಡ ಅಂದರೆ ಅಲ್ಲಿಗೇ ಬಿಡಿ. ಎದುರು ಕೂತು ಹೇಳಿ, ಆಗದಿದ್ದರೆ ಫೋನ್ ಮಾಡಿ. ಮೆಸೇಜಿನಲ್ಲಿ ದನಿ ಕೇಳಿಸುವುದಿಲ್ಲ, ಮೇಲಾಗಿ ಅದನ್ನು ಇನ್ನೊಬ್ಬರಿಗೆ ಕಳಿಸುವುದು ಸುಲಭ. ಶೋ ಆಗಿ ಎರಡು ಮೂರು ದಿನದೊಳಗೆ ಹೇಳಿ. ತಿಂಗಳ ನಂತರ ಎತ್ತಿದರೆ ಇಷ್ಟು ದಿನ ಲೆಕ್ಕ ಇಟ್ಟುಕೊಂಡಿದ್ದರು ಅನ್ನಿಸುತ್ತದೆ. ಒಂದೇ ಸೀನ್ ಹಿಡಿಯಿರಿ, ನಿಮಗೆ ಏನಾಯಿತು ಅನ್ನುವುದನ್ನು ಹೇಳಿ: "ನಾನು ಅಂಗಡಿ ಅಂದೆ, ನೀವು ಇದು ಅಂಗಡಿಯಲ್ಲ ಅಂದಿರಿ, ಅಲ್ಲಿಂದ ಮುಂದೆ ನನಗೆ ಕಾಲೂರಲು ನೆಲವೇ ಸಿಗಲಿಲ್ಲ."

"ಎಲ್ಲರೂ ಹೀಗೇ ಹೇಳ್ತಾರೆ" ಅನ್ನುವ ಮಾತನ್ನು ಎಂದೂ ಬಳಸಬೇಡಿ. ಅದು ನಿಜವಾಗಿದ್ದರೂ ಕೇಳಿದವರು ಮುಂದಿನ ರಿಹರ್ಸಲ್‌ಗೆ ಬಂದಾಗ ಪ್ರತಿಯೊಬ್ಬರ ಮುಖವನ್ನೂ ಅನುಮಾನದಿಂದ ನೋಡುತ್ತಾರೆ.

ಎರಡು ಮೂರು ಸಲ ಹೇಳಿದರೂ ಬದಲಾಗದಿದ್ದರೆ?

ಅದು ಆಯ್ಕೆಯ ಪ್ರಶ್ನೆ, ಟೀಕೆಯದ್ದಲ್ಲ. ಮುಂದಿನ ಶೋಗೆ ಯಾರನ್ನು ಹಾಕಿಕೊಳ್ಳಬೇಕು ಎಂದು ತೀರ್ಮಾನಿಸುವವರು ಅವರೊಂದಿಗೆ ಖಾಸಗಿಯಾಗಿ, ಕಾರಣ ಸಹಿತ ಮಾತಾಡಲಿ. ನಿಮಗೆ ಯಾರೊಂದಿಗಾದರೂ ಆಡಲು ಇಷ್ಟವಿಲ್ಲದಿದ್ದರೆ ಆ ಶೋ ಒಪ್ಪಿಕೊಳ್ಳಬೇಡಿ. ಕಾರಣವನ್ನು ಊರಿಗೆಲ್ಲ ಸಾರಬೇಕಿಲ್ಲ.

ವೇದಿಕೆಯ ಮೇಲೆ ಜೊತೆಗಾರರ ತಪ್ಪನ್ನು ಎತ್ತಿ ನಗಿಸುವುದು ತಪ್ಪೇ? ಪ್ರೇಕ್ಷಕರು ಅದಕ್ಕೇ ಹೆಚ್ಚು ನಗುತ್ತಾರೆ.

ನಗುತ್ತಾರೆ, ಅದೇ ಇದರ ಅಪಾಯ. ಜೊತೆಗಾರರು ಹೆಸರು ತಪ್ಪಿ ಹೇಳಿದಾಗ ಪಾತ್ರದೊಳಗೆ ನಿಂತು "ಅಪ್ಪಾ, ನಾಲ್ಕು ಮಕ್ಕಳ ಹೆಸರೂ ನಿಮಗೆ ನೆನಪಿರಲ್ಲ" ಅಂದರೆ ತಪ್ಪು ಸೀನಿನ ಸೊತ್ತಾಯಿತು, ಅವರನ್ನು ಕಾಪಾಡಿದಿರಿ. ಅದೇ ಪಾತ್ರ ಬಿಟ್ಟು ಪ್ರೇಕ್ಷಕರ ಕಡೆ ತಿರುಗಿ "ನೋಡಿ, ಇವರ ಜೊತೆ ಆಡೋದು ಹೀಗೆ" ಅಂದರೆ ನಗು ನಿಮಗೆ, ನಷ್ಟ ಅವರಿಗೆ. ಆಮೇಲೆ ಆ ಶೋನಲ್ಲಿ ಅವರು ಹೊಸ ಆಫರ್ ತರುವುದು ನಿಲ್ಲುತ್ತದೆ. ನಿರೂಪಕರಿಗೂ ಇದೇ ಮಾತು. ತಂಡವನ್ನು ಕರೆಯುವಾಗ ಒಬ್ಬರನ್ನು ಕೀಳುಮಾಡಿ ನಗು ಗಿಟ್ಟಿಸಿದರೆ ಅವರು ಮೈನಸ್‌ನಿಂದಲೇ ಶುರು ಮಾಡಬೇಕಾಗುತ್ತದೆ.

ಬೇರೆ ತಂಡದ ಶೋ ಬಗ್ಗೆ ವಿಮರ್ಶೆ ಬರೆಯಬಹುದೇ?

ಟಿಕೆಟ್ ಇಟ್ಟು ಸಾರ್ವಜನಿಕರನ್ನು ಕರೆದ ಶೋ ವಿಮರ್ಶೆಗೆ ತೆರೆದದ್ದೇ. ವಿದ್ಯಾರ್ಥಿಗಳ ಪ್ರದರ್ಶನ, ಜ್ಯಾಮ್ (ಯಾರು ಬೇಕಾದರೂ ಬಂದು ಆಡುವ ಕೂಟ), ತೆರೆದ ರಿಹರ್ಸಲ್ ಹಾಗಲ್ಲ. ಅವು ತಪ್ಪು ಮಾಡಲೆಂದೇ ಇರುವ ಜಾಗಗಳು, ಅವುಗಳ ಬಗ್ಗೆ ಬರೆಯಬೇಡಿ.

ಬರೆಯುವುದಾದರೆ ನಿಮ್ಮ ಸಂಬಂಧವನ್ನು ಮೊದಲ ಸಾಲಿನಲ್ಲೇ ತಿಳಿಸಿ: ನೀವೂ ಇದೇ ಬಳಗದಲ್ಲಿ ಆಡುತ್ತೀರಿ, ಅದೇ ವೇದಿಕೆಯ ಅದೇ ಸಂಜೆಗೆ ನಿಮ್ಮ ತಂಡವೂ ಕಾಯುತ್ತಿದೆ ಎಂದಿದ್ದರೆ ಅದನ್ನೂ ಹೇಳಿ, ಇಲ್ಲವಾದರೆ ಬರೆಯುವುದನ್ನೇ ಬಿಡಿ. ಒಂದು ರಾತ್ರಿಯ ಆಟದಿಂದ ತಂಡವನ್ನು ಅಳೆಯಬೇಡಿ. ಒಂದೇ ಶೋವನ್ನು ಎರಡು ಮೂರು ಸಲ ನೋಡಿದರೆ ಮಾತ್ರ ಯಾವುದು ಆ ದಿನದ ಎಡವಟ್ಟು, ಯಾವುದು ರೂಢಿ ಎಂದು ತಿಳಿಯುತ್ತದೆ. ತಂಡ ಮೊದಲೇ ಯೋಚಿಸಿ ಮಾಡಿದ್ದರ ಬಗ್ಗೆ ಧಾರಾಳವಾಗಿ ಬರೆಯಿರಿ: ಶೋನ ಸ್ವರೂಪ, ಅವಧಿ, ಪ್ರೇಕ್ಷಕರಿಂದ ಸಜೆಷನ್ ಪಡೆದ ರೀತಿ, ದೀಪ ಆರಿಸುವ ಹೊತ್ತು, ಕೊನೆಯ ಸಾಲಿಗೂ ದನಿ ಕೇಳುತ್ತದೆಯೇ ಅನ್ನುವುದು. ಆ ಕ್ಷಣದಲ್ಲಿ ಹುಟ್ಟಿದ ಒಂದು ಸಾಲನ್ನು ಕಿತ್ತು ಹೆಸರಿನೊಂದಿಗೆ ಹಾಕುವುದು ಬೇಡ. ಸೀನಿನ ಹೊರಗೆ ಅದು ಯಾವಾಗಲೂ ಇದ್ದುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಒಪ್ಪಿಗೆಯಿಲ್ಲದೆ ತೆಗೆದ ವಿಡಿಯೋ ತುಣುಕಿಗೂ ಇದೇ ಮಾತು ಅನ್ವಯ.

ಅಸಭ್ಯವಾಗಿ ಮುಟ್ಟಿದ್ದು, ಕಿರುಕುಳ, ಜಾತಿ ಅಥವಾ ಬಣ್ಣ ಹಿಡಿದು ಅವಮಾನಿಸಿದ್ದು. ಇವನ್ನೂ ಖಾಸಗಿಯಾಗಿಯೇ ಹೇಳಬೇಕೇ?

ಇಲ್ಲ. ಮೇಲಿನ ಯಾವ ಎಚ್ಚರಿಕೆಯೂ ಇಲ್ಲಿಗೆ ಹೊಂದುವುದಿಲ್ಲ. ಅದು ಆಟದ ದೋಷವಲ್ಲ, ದೂರು. ಈ ವ್ಯತ್ಯಾಸ ಮಸುಕಾದ ಬಳಗಗಳಲ್ಲಿ "ಟೀಕೆ ಮಾಡಬಾರದು" ಎಂಬ ಒಳ್ಳೆಯ ನಿಯಮವೇ ತಪ್ಪು ಮಾಡಿದವರ ಗುರಾಣಿಯಾಗುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಈ ಕಲೆಯಲ್ಲಿ ಇಲ್ಲ.

ಜೊತೆಗಾರರು ಹೇಳಿದ್ದನ್ನು ಒಪ್ಪಿ ಮುಂದಕ್ಕೆ ಒಯ್ಯಬೇಕೆನ್ನುವ "ಹೌದು, ಮತ್ತು" ಎಂಬ ಸೂತ್ರ ಕಥೆಯ ಸಂಗತಿಗಳಿಗೆ, ಆಡುವವರ ದೇಹಕ್ಕಲ್ಲ. ಪಾತ್ರ ಒಪ್ಪಿದರೂ ಕಲಾವಿದರು ಒಪ್ಪಿದಂತಾಗುವುದಿಲ್ಲ. ಶೋ ನಡೆಯುವಾಗಲೇ ಆದರೆ ಯಾರು ಬೇಕಾದರೂ ಸೀನನ್ನು ಕತ್ತರಿಸಬಹುದು, ದೀಪ ನೋಡಿಕೊಳ್ಳುವವರು ಕತ್ತಲು ಮಾಡಬಹುದು, ಆಡುತ್ತಿರುವವರು ಪಾತ್ರ ಬಿಟ್ಟು "ಇಲ್ಲಿಗೆ ನಿಲ್ಲಿಸೋಣ" ಅನ್ನಬಹುದು. ಶೋ ಕೆಟ್ಟರೆ ಕೆಡಲಿ. ಅದೇ ರಾತ್ರಿ ದಿನಾಂಕ, ಸಮಯ, ಏನಾಯಿತು, ಯಾರು ನೋಡಿದರು ಇಷ್ಟನ್ನು ಬರೆದಿಡಿ, ಸಾಧ್ಯವಿದ್ದಷ್ಟು ಆಡಿದ ಮಾತುಗಳಲ್ಲೇ. ದೂರು ಕೇಳಲು ಕನಿಷ್ಠ ಇಬ್ಬರಿರಬೇಕು, ಆ ಇಬ್ಬರೂ ಒಂದೇ ತಂಡದವರಾಗಿರಬಾರದು. ಒಬ್ಬರೇ ಇದ್ದು ದೂರು ಅವರ ಮೇಲೇ ಇದ್ದರೆ ದಾರಿಯೇ ಮುಚ್ಚುತ್ತದೆ. ವಿಚಾರಣೆ ಮುಗಿಯುವವರೆಗೆ ಆರೋಪ ಹೊತ್ತವರು ಕಲಿಸುವುದನ್ನು, ನಿರೂಪಿಸುವುದನ್ನು ನಿಲ್ಲಿಸಲಿ. ದೂರು ಕೊಟ್ಟವರನ್ನು ಶೋನಿಂದ ದೂರ ಇಡಬೇಡಿ. "ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸೋಣ" ಅನ್ನುವ ಸಲಹೆ ಬಂದೇ ಬರುತ್ತದೆ. ದೂರು ಕೊಟ್ಟವರು ತಾವಾಗಿ ಕೇಳದ ಹೊರತು ಅದು ಬೇಡ.

ಹೊರಗೆ ಹೇಳಬೇಕೇ, ಯಾವಾಗ ಹೇಳಬೇಕು ಅನ್ನುವುದು ನೊಂದವರ ತೀರ್ಮಾನ. ಅವರ ಪರವಾಗಿ ಅಂತ ಇನ್ನೊಬ್ಬರು ಮುಂದಾಗಿ ಬರೆದುಬಿಡುವುದು ಅವರ ಕೈಯಿಂದ ಎರಡನೇ ಸಲ ಕಿತ್ತುಕೊಂಡಂತೆ. ಅಪರಾಧದ ಸಂಗತಿಯಾದರೆ ಬಳಗದ ವಿಚಾರಣೆ ಪೊಲೀಸರಿಗಾಗಲಿ ವಕೀಲರಿಗಾಗಲಿ ಬದಲಿಯಲ್ಲ.

ಆಯ್ಕೆ, ಶೋ ಹಂಚಿಕೆ, ಹಣ ಇವುಗಳ ಬಗ್ಗೆ ಬಹಿರಂಗವಾಗಿ ಕೇಳಬಹುದೇ?

ಕೇಳಿ. ಎಲ್ಲರಿಗೂ ಸಂಬಂಧಿಸಿದ ತೀರ್ಮಾನವನ್ನು ಎಲ್ಲರ ಮುಂದೆ ಪ್ರಶ್ನಿಸುವುದು ನ್ಯಾಯ. "ಅವರವರಿಗೇ ಕೊಡ್ತಾರೆ" ಅನ್ನುವ ಬದಲು "ಕಳೆದ 12 ಶೋಗಳಲ್ಲಿ 9 ಒಂದೇ ತಂಡಕ್ಕೆ ಹೋಗಿವೆ, ಆಯ್ಕೆ ಹೇಗೆ ನಡೆಯುತ್ತದೆ?" ಅಂತ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಟಿಕೆಟ್ ಹಣದ ಲೆಕ್ಕವೂ ಹಾಗೆಯೇ. ತೀರ್ಮಾನವನ್ನು ಹಿಡಿಯಿರಿ, ತೀರ್ಮಾನಿಸಿದವರ ನಟನೆಯನ್ನು ಅದಕ್ಕೆ ಸೇರಿಸಬೇಡಿ.

ಶಿಕ್ಷಕರು ತರಗತಿಯಲ್ಲಿ ಹೆಸರು ಹಿಡಿದು ಬೈಯುತ್ತಾರೆ. ಅದೂ ಕಲಿಕೆಯ ಭಾಗವೇ?

ಅಲ್ಲ. ವ್ಯಾಯಾಮ ನಡೆಯುವಾಗ ಪಕ್ಕದಿಂದ "ವಸ್ತುವನ್ನು ಮುಟ್ಟಿ ನೋಡು", "ಉತ್ತರಿಸುವ ಮೊದಲು ಉಸಿರು ತಗೋ" ಅಂತ ಸೂಚಿಸುವುದು ಹಳೆಯ, ಒಳ್ಳೆಯ ಪದ್ಧತಿ. ಅದು ಆಟವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಿ, ಒಬ್ಬರನ್ನು ಎತ್ತಿ ತೋರಿಸಿ ಉಳಿದವರನ್ನು ನಗಿಸುವುದು ಬೇರೆ. ಬೇರೆ ತಂಡದವರ ಸೀನನ್ನು "ಹೀಗೆ ಮಾಡಬಾರದು" ಎಂದು ತರಗತಿಯಲ್ಲಿ ಉದಾಹರಿಸುವುದೂ ಬೇಡ. ಸಂಜೆಯೊಳಗೆ ಅದು ಅವರಿಗೆ ತಲುಪಿರುತ್ತದೆ.

ನನ್ನ ಬಗ್ಗೆಯೇ ಬಹಿರಂಗವಾಗಿ ಬರೆದಿದ್ದಾರೆ. ಏನು ಮಾಡಲಿ?

ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಆ ರಾತ್ರಿ ಉತ್ತರಿಸಬೇಡಿ. ನಿಮ್ಮ ತಂಡದವರನ್ನು ನಿಮ್ಮ ಪರವಾಗಿ ಮುಗಿಬೀಳದಂತೆ ತಡೆಯಿರಿ, ಒಂದು ಟೀಕೆಗೆ ಹತ್ತು ಉತ್ತರ ಬಂದರೆ ಅದನ್ನು ನೋಡದವರೂ ನೋಡುತ್ತಾರೆ. ಮರುದಿನ ಉತ್ತರ ಬೇಕೆನಿಸಿದರೆ ಒಂದೇ ಸಲ: "ಓದಿದೆ. ಈ ಬಗ್ಗೆ ನೇರವಾಗಿ ಮಾತಾಡಲು ಸಿದ್ಧ." ಬರೆದದ್ದರಲ್ಲಿ ಸುಳ್ಳು ಸಂಗತಿಯಿದ್ದರೆ ಆ ಸಂಗತಿಯನ್ನು ಮಾತ್ರ ತಿದ್ದಿ. ಅಭಿಪ್ರಾಯದೊಂದಿಗೆ ವಾದಕ್ಕಿಳಿಯಬೇಡಿ. ಮುಂದಿನ ಶೋ ತಪ್ಪಿಸಬೇಡಿ, ಒಂದು ಸಲ ತಪ್ಪಿಸಿದರೆ ಎರಡನೇ ಸಲ ಹತ್ತುವುದು ಇನ್ನೂ ಕಷ್ಟ.

ಸಿಟ್ಟಿನಲ್ಲಿ ನಾನೇ ಬರೆದುಬಿಟ್ಟೆ. ಅಳಿಸಿದರೆ ಸಾಕೇ?

ಸಾಲದು. ಓದಿದವರು ಓದಿಯಾಗಿದೆ, ಸದ್ದಿಲ್ಲದೆ ಅಳಿಸಿದರೆ ಗಾಳಿಮಾತಿಗೆ ಜಾಗವಾಗುತ್ತದೆ. ಮೊದಲು ಆ ವ್ಯಕ್ತಿಗೆ ಫೋನ್ ಮಾಡಿ ಕ್ಷಮೆ ಕೇಳಿ. ಆಮೇಲೆ ಎಲ್ಲಿ ಬರೆದಿದ್ದಿರೋ ಅಲ್ಲೇ, ಅಷ್ಟೇ ಜನರಿಗೆ ಕಾಣುವಂತೆ ಬರೆಯಿರಿ: "ನಿನ್ನೆ ಶೋ ಬಗ್ಗೆ ಒಬ್ಬರನ್ನು ಗುರಿಯಾಗಿಸಿ ಬರೆದೆ. ಅದನ್ನು ಇಲ್ಲಿ ಬರೆಯಬಾರದಿತ್ತು. ತೆಗೆದಿದ್ದೇನೆ, ಅವರಲ್ಲಿ ಕ್ಷಮೆ ಕೇಳಿದ್ದೇನೆ." "ಯಾರಿಗಾದರೂ ನೋವಾಗಿದ್ದರೆ" ಅನ್ನುವ ಅಡ್ಡಮಾತು ಬೇಡ, ನೋವಾಗಿದೆ. "ಆದರೆ" ಎಂದು ಶುರುವಾಗುವ ವಾಕ್ಯವೂ ಬೇಡ. ಅವರು ಕ್ಷಮಿಸಲೇಬೇಕೆಂದು ಒತ್ತಾಯಿಸಬೇಡಿ. ಮತ್ತೆ ಜೊತೆಗೆ ಆಡಲು ಅವರು ಒಪ್ಪಿದರೆ ರಿಹರ್ಸಲ್‌ನಲ್ಲಿ ಕನ್ನಡಿ ಆಟದಂಥ ಮಾತಿಲ್ಲದ, ಇಬ್ಬರೇ ಮಾಡುವ ವಾರ್ಮ್‌ಅಪ್‌ನಿಂದ ಶುರುಮಾಡಿ. ಒಬ್ಬರ ಚಲನೆಯನ್ನು ಇನ್ನೊಬ್ಬರು ಅನುಸರಿಸುವುದು, ಆಮೇಲೆ ಅದಲು ಬದಲು. ಮಾತು ಕೆಡಿಸಿದ್ದನ್ನು ಮಾತಿನಿಂದಲೇ ಸರಿಮಾಡಲು ಅವಸರ ಬೇಡ.

ಇದಕ್ಕೆಲ್ಲ ಲಿಖಿತ ನಿಯಮ ಬೇಕೇ?

ಒಂದು ಪುಟ ಸಾಕು. ನೋಟ್ಸ್ ಯಾರು ಯಾವಾಗ ಕೊಡುತ್ತಾರೆ, ದೂರು ಕೇಳುವ ಇಬ್ಬರು ಯಾರು, ಎಷ್ಟು ದಿನದಲ್ಲಿ ಉತ್ತರ, ವಿಡಿಯೋ ಹಾಕಲು ಯಾರ ಒಪ್ಪಿಗೆ, ಹಣ ಮತ್ತು ಆಯ್ಕೆಯ ಪ್ರಶ್ನೆಗಳನ್ನು ಎಲ್ಲಿ ಕೇಳಬೇಕು. "ನೆಗೆಟಿವ್ ಮಾತು ನಿಷಿದ್ಧ" ಅಂತ ಬರೆಯಬೇಡಿ. ಅಷ್ಟು ಅಗಲದ ನಿಯಮ ಮೊದಲು ಬಾಯಿ ಮುಚ್ಚಿಸುವುದು ದೂರು ಕೊಡಬೇಕಾದವರದ್ದೇ.

ಜ್ಯಾಮ್‌ಗೆ ಮೊದಲ ಸಲ ಬಂದವರಿಗೆ ನೋಟ್ ಕೊಡಬಹುದೇ?

ಬೇಡ. ಅವರು ಕೇಳಿದರೂ ಆ ದಿನ ಬೇಡ. ಅವರು ಚೆನ್ನಾಗಿ ಮಾಡಿದ ಒಂದು ನಿರ್ದಿಷ್ಟ ಸಂಗತಿಯನ್ನು ಹೇಳಿ, ಮುಂದಿನ ಜ್ಯಾಮ್ ಯಾವಾಗ ಅಂತ ತಿಳಿಸಿ.